ಮಳಗಿಯಲ್ಲಿ, ಅದೇ ಹೊತ್ತಿಗೆ

ನನ್ನ ಗಂಡ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಜೀವ ಬಿಡುತ್ತಿದ್ದಾಗ ನಾನು ತವರೂರು ಮಳಗಿಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದೆ. ಈ ಮಾತು ನನ್ನದಲ್ಲ, ನನ್ನ ನಾದಿನಿಯದು. ಗಂಡನ ಅಕ್ಕ ಆಕೆ. ಹಳಿಯಾಳ ಪೇಟೆಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರದ ಮನೆ. ಮಣ್ಣು ಕೊಟ್ಟು ಬಂದ ದಿನ, ಪಡಸಾಲೆಯಲ್ಲಿ ಕೂತವರಿಗೆ ನೀರಿನ ತಂಬಿಗೆ ಕೊಡುತ್ತ ಅದನ್ನು ಮೊದಲ ಸಲ ಹೇಳಿದರು.

"ನನ್ನ ತಮ್ಮ ಅಲ್ಲಿ ಜೀವಾ ಬಿಡಾಕತ್ತಿದ್ದ. ಅದಽ ಹೊತ್ತಿಗೆ ಇಕಿ ಮಳಗಿಯೊಳಗ ಕೈತುಂಬ ಬಳಿ ಇಟಗೋಳಾಕತ್ತಿದ್ಲು."

ಸಿಟ್ಟಿನಿಂದ ಹೇಳಿದ್ದಲ್ಲ. ನಿನ್ನೆ ಮಳೆ ಬಂದಿತ್ತು ಎನ್ನುವ ಹಾಗೆ ಹೇಳಿದರು. ಆಮೇಲೆ ಯಾವ ಮನೆಯ ಕಾರ್ಯಕ್ಕೆ ಸೇರಿದರೂ, ಹೊಸಬರು ಯಾರಾದರೂ ನನ್ನ ಕಡೆ ನೋಡಿ ಯಾರು ಎಂದು ಕೇಳಿದರೂ, ಆ ಮಾತು ಬರುತ್ತಿತ್ತು. ವರ್ಷ ಕಳೆದಂತೆ ಅವರ ಮಾತಿನಲ್ಲಿ ಬಳೆಯ ಬಣ್ಣ ಬದಲಾಯಿತು. ಮೊದಲು ಹಸಿರು, ನಂತರ ಕೆಂಪು, ಒಮ್ಮೆ ಚಿಕ್ಕಿ ಬಳೆ. "ಅದೇ ಹೊತ್ತಿಗೆ" ಎಂಬುದು ಮಾತ್ರ ಬದಲಾಗಲಿಲ್ಲ.

ಹಸಿರೇ ಇದ್ದವು. ನನ್ನ ಅಣ್ಣನ ಮಗಳ ಮದುವೆಯ ಹಿಂದಿನ ದಿನ. ಬಳೆಗಾರ ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಮಲಾರ ಬಿಚ್ಚಿದ್ದ. ಊಟ ಮುಗಿಸಿ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಅವನ ಮುಂದೆ ಕೂತೆವು. ಹಂದರದ ತೆಂಗಿನ ಗರಿಗಳ ನಡುವಿನಿಂದ ಬಿಸಿಲು ಚೂರುಚೂರಾಗಿ ಎಲ್ಲರ ಸೀರೆಯ ಮೇಲೆ ಬಿದ್ದಿತ್ತು. ನನ್ನ ಕೈ ಗಟ್ಟಿ. ಅವನು ಬೆರಳುಗಳನ್ನು ಒತ್ತಿ ಒತ್ತಿ ಸಾಕಾಗಿ, "ಕೈ ಸಡಲ ಬಿಡ್ರಿ ಅವ್ವಾರ. ನಾ ಏನ್ ನಿಮ್ಮ ಹೊಲಾ ಬರಸ್ಕೋಳಾಕ ಹೆಬ್ಬಟ್ಟ ಒತ್ತಸಾಕತ್ತೀನೇನು?" ಅಂದ. ಎಲ್ಲರೂ ನಕ್ಕರು. ಹೆಚ್ಚು ನಕ್ಕವಳು ನಾನು. ನಗುವಾಗ ಕೈ ಸಡಿಲಾಯಿತು, ಬಳೆಗಳು ಸರ್ರನೆ ಏರಿದವು.

ಸುದ್ದಿ ಬಂದದ್ದು ಸಂಜೆಗೆ. ಡಿಪೋದವರು ಮುಂಡಗೋಡದ ಒಂದು ಅಂಗಡಿಗೆ ಫೋನ್ ಹಚ್ಚಿ ಹೇಳಿದ್ದರು. ಅಲ್ಲಿಂದ ಒಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಮಧ್ಯಾಹ್ನ ಊಟವಾದ ಮೇಲೆ ಎದೆ ನೋವು, ಅಷ್ಟೇ. ಯಾರ ತಪ್ಪೂ ಇಲ್ಲ. ನಲವತ್ತು ದಾಟಿರಲಿಲ್ಲ ನನ್ನ ಗಂಡನಿಗೆ. ಅವರ ಕೆಲಸ ಕಾಡಿನಿಂದ ಬಂದ ತೊಲೆಗಳನ್ನು ಅಳೆದು ಗುರುತು ಹಾಕುವುದು. ಸಂಜೆ ಮನೆಗೆ ಬಂದರೆ ಸಾಗವಾನಿ ತೊಗಟೆಯ ವಾಸನೆ ಅಂಗಿಯ ಜೊತೆ ಒಳಗೆ ಬರುತ್ತಿತ್ತು.

ಬಳೆಯಿಂದ ಯಾರೂ ಸಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಆದರೂ ಒಳಗೆ ಎಲ್ಲೋ ಒಂದು ಕಡೆ, ನಾನು ನಕ್ಕ ಆ ಗಳಿಗೆ ಇಲ್ಲಿಂದ ಅಲ್ಲಿಗೆ ಹೋಗಿ ಅವರಿಗೆ ತಾಗಿತು ಅನ್ನಿಸುತ್ತಿತ್ತು. ಒಂದೇ ಹಗ್ಗದ ಎರಡು ತುದಿಯ ಹಾಗೆ: ಇಲ್ಲಿ ಸಡಿಲಾದದ್ದು ಅಲ್ಲಿ ಕಳಚಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚಿ ಅನ್ನುತ್ತಿದ್ದರು. ಹೇಳದೆ ಇದ್ದದ್ದಕ್ಕೆ ಶಾಣ್ಯಾಕಿ ಅನ್ನಿಸಿಕೊಂಡೆ.

ಮಳಗಿಯ ನನ್ನ ಚಿಕ್ಕಮ್ಮ ಒಬ್ಬರೇ ನನ್ನ ಮುಖ ನೋಡಿ ಏನೋ ಊಹಿಸಿದ್ದರು. ತಿಂಗಳೊಪ್ಪತ್ತು ಆದ ಮೇಲೆ ಬಂದು ಪಕ್ಕದಲ್ಲಿ ಕೂತು ಅಂದರು: "ಸುದ್ದಿ ಮುಟ್ಟೂ ತನಕ ನೀ ಮುತ್ತೈದಿನಽ. ನಿನಗ ಅಂವ ಸಂಜಿಗೆ ಸತ್ತ. ಮಧ್ಯಾಹ್ನದ ಬಳಿ ಮುತ್ತೈದಿ ಬಳಿ. ತಿಳೀತಿಲ್ಲೊ?"

ತಿಳಿಯಿತು. ಆದರೆ ಮಧ್ಯಾಹ್ನದಿಂದ ಸಂಜೆಯ ತನಕ ಅವರು ಎಲ್ಲಿದ್ದರು? ಚಿಕ್ಕಮ್ಮನ ಲೆಕ್ಕದಲ್ಲಿ ಬದುಕಿದ್ದರು, ನಾದಿನಿಯ ಲೆಕ್ಕದಲ್ಲಿ ಇರಲಿಲ್ಲ. ಆ ಅರ್ಧ ದಿನ ನನ್ನ ತಲೆಯಲ್ಲಿ ಕಾಳಿ ನದಿಯ ಮೇಲಿನ ಬೆಳಗಿನ ಮಂಜಿನ ಹಾಗೆ ನಿಂತುಬಿಟ್ಟಿತು. ಆಚೆ ದಂಡೆ ಇದೆ ಎಂದು ಗೊತ್ತು, ಕಾಣುವುದಿಲ್ಲ.

ಒಂದೆರಡು ವರ್ಷದ ಮೇಲೆ ನನಗೆ ದಾಂಡೇಲಿಯಲ್ಲೇ, ಬಂಗೂರನಗರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಭೌತಶಾಸ್ತ್ರದ ಲ್ಯಾಬಿನ ಸಾಮಾನು ತೆಗೆದು ಕೊಡುವುದು, ಒರೆಸಿ ಮತ್ತೆ ಕಪಾಟಿನಲ್ಲಿ ಇಡುವುದು. ಅಲ್ಲಿನ ಮಧ್ಯಾಹ್ನಗಳು ನನಗೆ ಸೇರುತ್ತಿದ್ದವು. ಗಾಜಿನ ಪಟ್ಟಕ ಒರೆಸಿ ಕಿಟಕಿಯಲ್ಲಿ ಇಟ್ಟರೆ ಎದುರಿನ ಸುಣ್ಣದ ಗೋಡೆಯ ಮೇಲೆ ಬಣ್ಣದ ಪಟ್ಟಿ ಬಿದ್ದು, ಹೊತ್ತು ಸರಿದ ಹಾಗೆ ಅದೂ ಸರಿದು, ಬಾಗಿಲ ಸಂದಿಗೆ ಹೋಗಿ ಇಲ್ಲವಾಗುತ್ತಿತ್ತು. ಲ್ಯಾಬಿಗೂ ಕ್ಲಾಸಿಗೂ ನಡುವೆ ಹಲಗೆಯ ಗೋಡೆ. ಆ ಕಡೆಯ ಪಾಠ ಈ ಕಡೆಗೆ ಅರ್ಧ ಕೇಳುತ್ತಿತ್ತು.

ಪಾಠ ಹೇಳುವ ಸರ್ ಧಾರವಾಡದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದರು. ಹುಡುಗರ ಮುಖದಲ್ಲಿ ಏನೂ ಕಾಣದಿದ್ದರೆ ಕನ್ನಡಕ್ಕೆ ಇಳಿಯುತ್ತಿದ್ದರು. ಹಾಗೆ ಇಳಿದಾಗ ನನಗೂ ಪಾಠ ಸಿಗುತ್ತಿತ್ತು. ಒಂದು ದಿನ ಆ ಕಡೆಯಿಂದ ಈ ಮಾತು ಕೇಳಿಸಿತು.

"ಒಂದಽ ಹೊತ್ತಿಗೆ ಅನ್ನೂದು ಎಲ್ಲಾರಿಗೂ ಒಂದಽ ಅಲ್ಲ. ನಿಂತಾವಂಗ ಒಂದು, ಓಡಾವಂಗ ಒಂದು."

ಒಬ್ಬ ಹುಡುಗ ಎದ್ದು, "ಸರ್, ಹಂಗಾದ್ರ ನಾ ಇವತ್ತ ತಡಾಗಿ ಬಂದದ್ದು ನಿಮಗ ತಡ, ನನಗ ಅಲ್ಲ" ಅಂದ.

"ಹಾಸ್ಟೆಲಿನಿಂದ ಬೆಳಕು ಓಡಿದಂಗ ಓಡಿ ಬಾ. ಆಮ್ಯಾಲ ಮಾತಾಡೂಣು. ಈಗ ಹೊರಗ ನಿಂದರು."

ಕ್ಲಾಸು ನಕ್ಕಿತು. ನನ್ನ ಕೈಯಲ್ಲಿದ್ದ ಬಟ್ಟೆ ಪಟ್ಟಕದ ಮೇಲೆ ಹಾಗೇ ನಿಂತಿತು. ನಾದಿನಿಯ ಮಾತನ್ನು ಯಾರೋ ಹಲಗೆಯ ಆ ಕಡೆ ಬಿಚ್ಚಿ ನೋಡುತ್ತಿದ್ದಾರೆ ಅನ್ನಿಸಿತು.

ಮರುದಿನ ಸರ್ ಸಾಮಾನು ನೋಡಲು ಲ್ಯಾಬಿಗೆ ಬಂದಾಗ ಧೈರ್ಯ ಮಾಡಿದೆ. "ಸರ, ಒಂದು ಮಾತು ಕೇಳಲೇನ್ರಿ?"

"ಕೇಳವಾ."

"ನಿನ್ನಿ ಪಾಠದಾಗ ಅಂದ್ರಲ್ರಿ, ಒಂದ ಹೊತ್ತು ಎಲ್ಲಾರಿಗೂ ಒಂದ ಅಲ್ಲಂತ. ಅಂದ್ರ ಸುದ್ದಿ ಯಾರಿಗೆ ಯಾವಾಗ ಮುಟ್ಟತೈತೋ ಅವರಿಗೆ ಆವಾಗ ಆದಂಗ. ಹೌದಲ್ರಿ?"

ಚಿಕ್ಕಮ್ಮನ ಮಾತನ್ನೇ ನಾನು ವಿಜ್ಞಾನ ಎಂದುಕೊಂಡಿದ್ದೆ. ರಾತ್ರಿಯೆಲ್ಲ ಅದೇ ಖುಷಿಯಲ್ಲಿದ್ದೆ.

ಸರ್ ಸ್ಟೂಲಿನ ಮೇಲೆ ಕೂತರು. "ಅಲ್ಲ. ಎಲ್ಲಾರೂ ಮೊದಲಿಗೆ ಹಿಂಗಽ ತಿಳಕೋತಾರ. ಮಿಂಚು ಮೊದಲ ಕಾಣ್ತೈತಿ, ಗುಡುಗು ಆಮ್ಯಾಲ ಕೇಳ್ತೈತಿ. ಅಂದ್ರ ಗುಡುಗು ತಡಾಗಿ ಹುಟ್ತೇನು?"

"ಇಲ್ರಿ. ಬರೂದು ತಡ ಆತು."

"ಹಾಂ. ಎಷ್ಟು ದೂರದಿಂದ ಬಂತು, ಎಷ್ಟು ಜೋರ ಬಂತು ಅಂತ ಗೊತ್ತಿದ್ರ, ದಾರಿ ಖರ್ಚು ಕಳದು, ಹುಟ್ಟಿದ ಹೊತ್ತು ಹೇಳಬಹುದು. ಸುದ್ದಿ ತಡಾ ಆಗೂದು ಟಪಾಲಿನವನ ಲೆಕ್ಕ. ನಾ ಹೇಳಿದ್ದು, ದಾರಿ ಖರ್ಚು ಎಲ್ಲಾ ಕಳದ ಮ್ಯಾಲೂ ಉಳಿಯೂ ಫರಕು."

ನನ್ನ ಮುಖ ಇಳಿದದ್ದು ಅವರಿಗೆ ಕಂಡಿರಬೇಕು. ಎದ್ದು, ತೂಕದ ಬಟ್ಟುಗಳ ಕಟ್ಟಿಗೆಯ ಪೆಟ್ಟಿಗೆಯನ್ನು ಮೇಜಿನ ಮೇಲೆ ಎಳೆದರು. ಅದು ಲಾರಿ. ಅದರ ನಡುವೆ ಒಂದು ಸೀಮೆಸುಣ್ಣ ನಿಲ್ಲಿಸಿದರು. ಅದು ದೀಪ.

"ಲಾರಿ ಓಡಾಕತ್ತೇತಿ. ನಡಬರಕ ದೀಪ ಹತ್ತಿತು. ಬೆಳಕು ಒಂದು ಮುಂದ ಡ್ರೈವರನ ಬೆನ್ನಿಗೆ ಹೋತು, ಒಂದು ಹಿಂದಿನ ಹಲಗಿಗೆ ಹೋತು. ಲಾರಿಯೊಳಗ ಕುಂತಾವಂಗ ಎರಡೂ ಕಡೆ ಅಷ್ಟಽ ದೂರ. ಎರಡೂ ಒಂದಽ ಹೊತ್ತಿಗೆ ಮುಟ್ಟಿದ್ವು ಅಂತಾನ. ಖರೇನೊ ಸುಳ್ಳೊ?"

"ಖರೇರಿ."

"ಈಗ ನೀ ರಸ್ತೆದಾಗ ನಿಂತೀದಿ." ಪೆಟ್ಟಿಗೆಯನ್ನು ಮೆಲ್ಲಗೆ ನೂಕಿದರು. "ಬೆಳಕು ಹೊಂಟ ಮ್ಯಾಲೆ ಹಿಂದಿನ ಹಲಗಿ ಬೆಳಕಿಗೆ ಇದಿರ ಬರಾಕತ್ತೇತಿ. ಮುಂದಿಂದು ಬೆಳಕಿನಿಂದ ದೂರ ಓಡಾಕತ್ತೇತಿ. ನಿನ್ನ ಲೆಕ್ಕದಾಗ ಯಾವುದು ಮೊದಲ ಮುಟ್ಟತೈತಿ?"

"ಹಿಂದಿಂದು." ಆಮೇಲೆ ನನಗೊಂದು ಸಂಶಯ ಬಂತು. "ಸರ, ಓಡೂ ಲಾರಿಯಿಂದ ಮುಂದಕ್ಕ ಕಲ್ಲ ಒಗದ್ರ ಲಾರಿ ಜೋರೂ ಕಲ್ಲಿಗೆ ಕೂಡ್ತೈತೆಲ್ರಿ? ಬೆಳಕಿಗೂ ಕೂಡಿ ಸರಿಹೋಗೂದಿಲ್ಲೇನ್ರಿ?"

ಅವರು ಲವಂಗವನ್ನು ಇನ್ನೊಂದು ದವಡೆಗೆ ಹಾಕಿಕೊಂಡರು. "ಕಲ್ಲಿಗೆ ಕೂಡ್ತೈತಿ. ಬೆಳಕಿಗೆ ಕೂಡೂದಿಲ್ಲ. ಲಾರಿ ಓಡಲಿ ನಿಂದರಲಿ, ಯಾರು ಅಳದರೂ ಬೆಳಕಿನ ಓಟ ಅಷ್ಟಽ. ಎಲ್ಲಾ ತಕರಾರು ಅಲ್ಲಿಂದ ಹುಟ್ಟೇತಿ."

"ಹಂಗಾದ್ರ ಇಬ್ಬರಾಗ ಯಾರದು ಖರೇರಿ?"

"ಇಬ್ಬರದೂ."

"ಅದ್ಹೆಂಗ್ರಿ?"

"ನನಗೂ ಭಾಳ ವರ್ಷ ತಿಳೀಲಿಲ್ಲವಾ. ಈಗೂ ತಿಳದೇತಿ ಅನ್ನೂದಿಲ್ಲ. ರೂಢಿ ಆಗೇತಿ."

ಆ ದಿನಗಳಲ್ಲಿ ಸಂಜೆ ಮನೆಗೆ ನಡೆಯುವಾಗ ರಸ್ತೆಯೇ ಬೇರೆಯಾಗಿ ಕಾಣುತ್ತಿತ್ತು. ಜೋಯಿಡಾ ಕಡೆಯಿಂದ ಬರುವ ಲಾರಿಗಳು ಬಿದಿರು ತುಂಬಿಕೊಂಡು, ಹಿಂದೆ ಬಾಲದ ಹಾಗೆ ತುದಿಗಳನ್ನು ತೂಗಾಡಿಸುತ್ತ ಹೋಗುತ್ತಿದ್ದವು. ಪ್ರತಿಯೊಂದರ ನಡುವೆಯೂ ಒಂದು ದೀಪ ಇದೆ ಎಂದುಕೊಳ್ಳುತ್ತಿದ್ದೆ. ಪ್ರತಿಯೊಂದೂ ತನ್ನದೇ "ಈಗ" ಹೊತ್ತುಕೊಂಡು ಹೋಗುತ್ತಿದೆ; ರಸ್ತೆ ಬದಿಯ ಮರಗಳದು ಒಂದು ಈಗ, ಅವುಗಳದು ಒಂದು. ಜಗತ್ತಿನ ಮೇಲೆಲ್ಲ ಒಂದೇ ಚಾದರ ಹಾಸಿದಂತೆ ಒಂದೇ ಹೊತ್ತು ಇದೆ ಎಂದು ನಾನು ಚಿಕ್ಕಂದಿನಿಂದ ನಂಬಿದ್ದೆ. ಆ ಚಾದರ ಇಲ್ಲವೇ ಇಲ್ಲ. ಹೊಳೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ನನಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಕನಸಿನಲ್ಲಿ ನೆಲ ಬಿಟ್ಟು ಒಂದು ಮೊಳ ಮೇಲೆ ನಡೆದ ಹಾಗೆ ನಡೆದು ಮನೆ ಸೇರುತ್ತಿದ್ದೆ. ಒಲೆ ಹಚ್ಚಿದ ಮೇಲೆ ಮತ್ತೆ ನೆಲ ಸಿಗುತ್ತಿತ್ತು.

ಎಲ್ಲೋ ಒಬ್ಬರ ಲೆಕ್ಕದಲ್ಲಿ ನನ್ನ ಬಳೆ ಮೊದಲು, ಗಂಡನ ಸಾವು ಆಮೇಲೆ ಇರಬಹುದಲ್ಲ. ಅಷ್ಟಾದರೆ ಸಾಕಿತ್ತು ನನಗೆ. ಅವರು ಬದುಕಿದ್ದಾಗ ನಕ್ಕೆ ಎಂದು ಅನ್ನಿಸಿದರೆ ಸಾಕಿತ್ತು.

ಒಂದು ಶನಿವಾರ ಕೇಳಿಯೇ ಬಿಟ್ಟೆ. "ಸರ, ದಾಂಡೇಲಿಯೊಳಗ ಒಂದು ಆತು. ಮಳಗಿಯೊಳಗ ಒಂದು ಆತು. ಎರಡೂ ಒಂದಽ ಹೊತ್ತಿಗೆ ಆದ್ವು ಅಂತ ಮಂದಿ ಅಂತಾರ. ಅದು ಸುಳ್ಳಾಗಬಹುದೇನ್ರಿ?"

ಕಾಲೇಜಿನಲ್ಲಿ ನನ್ನ ಕಥೆ ಎಲ್ಲರಿಗೂ ಗೊತ್ತಿತ್ತು, ಬಳೆಯದು ಬಿಟ್ಟು. ಸರ್ ನನ್ನನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಈಗ ಅದಕ್ಕೇ ಅವರನ್ನು ನೆನೆಯುತ್ತೇನೆ.

"ದಾಂಡೇಲಿನೂ ಓಡೂದಿಲ್ಲ, ಮಳಗಿನೂ ಓಡೂದಿಲ್ಲ. ಎರಡೂ ಒಂದಽ ನೆಲದ ಮ್ಯಾಲ ಕುಂತಾವ. ನೀನೂ ಕುಂತೀದಿ, ನಾನೂ ಕುಂತೀನಿ. ನಮಗೆಲ್ಲಾ ಹೊತ್ತು ಒಂದಽ. ಮುಂಡಗೋಡ ಬಸ್ಸಿನ್ಯಾಗ ಹೊಂಟಾವ ಲೆಕ್ಕಾ ಹಾಕಿದ್ರ ಫರಕು ಬರ್ತೈತಿ, ಖರೆ. ಆದ್ರ ಕಣ್ಣೆವಿ ಬಡಿಯೂ ಹೊತ್ತನ್ನ ಕೋಟಿ ಚೂರು ಮಾಡಿದ್ರ ಅದರಾಗಿನ ಒಂದು ಚೂರಿಗಿಂತ ಸಣ್ಣ ಫರಕು. ಅದರೊಳಗ ನಿನ್ನ ದುಃಖ ಹಿಡಿಯೂದಿಲ್ಲ, ತಂಗಿ."

ನಾನು ಸಾಮಾನು ಒರೆಸಿ ಇಟ್ಟು, ಕಪಾಟಿಗೆ ಕೀಲಿ ಹಾಕಿ ಮನೆಗೆ ಬಂದೆ. ನಾದಿನಿ ಹೇಳಿದ್ದೇ ಸರಿ. ಅದೇ ಹೊತ್ತಿಗೆ.

ಅದಾದ ಮೇಲೆ ಸರ್ ರಜೆ ಹಾಕಿ ಊರಿಗೆ ಹೋದರು. ಬಂದವರು ಲ್ಯಾಬಿನ ಬಾಗಿಲಲ್ಲಿ ನಿಂತು, ಚಪ್ಪಲಿ ಕೂಡ ಬಿಡದೆ, "ನಿನಗ ಅರ್ಧಾ ಹೇಳಿದ್ನಿ ಅವತ್ತ" ಅಂದರು. "ದಾರಿಗುಂಟ ಅದಽ ವಿಚಾರ."

"ಏನ್ರಿ ಸರ?"

"ಲಾರಿಯೊಳಗ ಬೆಳಕು ಎರಡೂ ಕಡೆ ಒಂದಽ ಹೊತ್ತಿಗೆ ಮುಟ್ಟಿತೊ, ಹಿಂದಿನ ಹಲಗಿಗೆ ಮೊದಲೊ ಅಂತ ಇಬ್ಬರು ಜಗಳಾಡ್ತಾರ. ಇಬ್ಬರದೂ ಖರೆ ಅಂದ್ನಿ. ಲೋಕ ಹೆಂಗ ಕೆಡಲಿಲ್ಲ ಹಂಗಾದ್ರ? ಯಾಕಂದ್ರ ಆ ಎರಡಕ್ಕೂ ಸಂಬಂಧ ಇಲ್ಲ. ಒಂದರಿಂದ ಹೊಂಟು ಇನ್ನೊಂದನ್ನ ಮುಟ್ಟಾಕ ಬೆಳಕಿಗೂ ಪುರಸೊತ್ತ ಇರಲಿಲ್ಲ. ಬೆಳಕಿಗಿಂತ ಜೋರ ಓಡೂದು ಯಾವುದೂ ಇಲ್ಲ. ಒಂದರಿಂದ ಇನ್ನೊಂದು ಆಗೂ ಹಂಗಿದ್ರ, ಯಾವುದು ಮೊದಲ ಅನ್ನೂದರಾಗ ಯಾರಿಗೂ ಜಗಳ ಇಲ್ಲ. ಬೀಜ ಮೊದಲ, ಸಸಿ ಆಮ್ಯಾಲ, ಎಲ್ಲಾರಿಗೂ. ದೂರದ ಎರಡು ಸಂಗತಿ ಒಂದಽ ಹೊತ್ತಿಗೆ ಆದ್ವು ಅಂತ ಯಾರರ ಅಂದ್ರ, ಇದು ಅದನ್ನ ಮುಟ್ಟಿಲ್ಲ, ಅದು ಇದನ್ನ ಮುಟ್ಟಿಲ್ಲ ಅಂತಽ ಅದರ ಅರ್ಥ."

ಅವರು ಕ್ಲಾಸಿಗೆ ಹೋದರು. ಹಲಗೆಯ ಆ ಕಡೆ ಹಾಜರಿ ಕೂಗುವುದು ಕೇಳುತ್ತಿತ್ತು. ಗೋಡೆಯ ಮೇಲೆ ಬಣ್ಣದ ಪಟ್ಟಿ ಮೆಲ್ಲಗೆ ಸರಿಯುತ್ತಿತ್ತು. ಅದು ಸಂದಿಗೆ ಹೋಗಿ ಮುಗಿಯುವ ತನಕ ನೋಡುತ್ತ ಕೂತೆ.

ಹಾಗಾದರೆ ನನ್ನ ನಗು ಅಲ್ಲಿಗೆ ಹೋಗಲಿಲ್ಲ. ಹೋಗಲು ದಾರಿಯೇ ಇರಲಿಲ್ಲ. ಅಲ್ಲಿಂದಲೂ ಏನೂ ಬಂದಿರಲಿಲ್ಲ, ಆದ್ದರಿಂದ ನಾನು ನಕ್ಕೆ. ಇಷ್ಟು ತಿಳಿಯಲು ವಿಜ್ಞಾನ ಬೇಕೇ ಎಂದು ಓದುವವರಿಗೆ ಅನ್ನಿಸಬಹುದು. ನನಗೆ ಬೇಕಾಯಿತು.

ಆಮೇಲೆ ಬಂದ ಯೋಚನೆಗೆ ನಾನು ತಯಾರಿರಲಿಲ್ಲ. ಇಷ್ಟು ವರ್ಷ ಆ ಗಳಿಗೆಯನ್ನು ನಾನು ಮಳಗಿಯ ಹಂದರದಿಂದಲೇ ನೋಡುತ್ತಿದ್ದೆ. ಬಳೆಗಾರನ ಮಾತು, ಬಿಸಿಲಿನ ಚೂರು, ನನ್ನ ಕೈ. ದಾಂಡೇಲಿಯಲ್ಲಿ ಆ ಗಳಿಗೆ ಹೇಗಿತ್ತು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಗಂಡನ ಕೊನೆಯ ಹೊತ್ತನ್ನು ನನ್ನದೇ ಬಳೆಗಳಿಂದ ತುಂಬಿಬಿಟ್ಟಿದ್ದೆ.

ಡಿಪೋದಲ್ಲಿ ಅವರ ಜೊತೆ ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು ಸಿದ್ದಿ ಜನಾಂಗದ ಒಬ್ಬ ಮನುಷ್ಯ. ಆಗಲೇ ಕೆಲಸ ಬಿಟ್ಟು ಹಳಿಯಾಳದ ಆಚೆ ಕಾಡಂಚಿನ ತಮ್ಮ ಊರಲ್ಲಿ ಭತ್ತ ಮಾಡಿಕೊಂಡಿದ್ದರು. ಒಂದು ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಚರ್ಚಿನ ಪ್ರಾರ್ಥನೆ ಮುಗಿಸಿ ಬಂದು ಅಂಗಳದಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತವರು ಬಹಳ ಹೊತ್ತು ಕೂರಲೇ ಇಲ್ಲ.

"ಬರ್ರಿ ಬಾಯಾರ. ಎಂದರ ಒಂದಿನ ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ತಡಾ ಮಾಡ್ತೀರಿ ಅಂತ ಗೊತ್ತಿರಲಿಲ್ಲ."

ಅವರು ಹೇಳಿದರು. ಊಟ ಆಗಿತ್ತು. ಅವತ್ತು ರೊಟ್ಟಿ ಗಟ್ಟಿ ಆಗಿವೆ ಎಂದು ಇಬ್ಬರೂ ನಕ್ಕಿದ್ದರು. ನಾನು ಊರಿಗೆ ಹೋಗುವಾಗ ಮಾಡಿಟ್ಟ ರೊಟ್ಟಿ. ಒಂದು ಉದ್ದ ಸಾಗವಾನಿ ತೊಲೆ ಅಳೆಯುತ್ತಿದ್ದರು. ಇವರು ಬೇರಿನ ಕಡೆ, ನನ್ನ ಗಂಡ ತುದಿಯ ಕಡೆ. "ತಡಿ, ಸ್ವಲ್ಪ ಕೂಡ್ತೇನಿ. ನೀ ಆ ತುದಿ ಬಿಡಬ್ಯಾಡ" ಎಂದು ತೊಲೆಯ ಮೇಲೇ ಕೂತರಂತೆ.

"ನಾ ಬಿಡಲಿಲ್ಲ. ಟೇಪ ಹಿಡಕೊಂಡಽ ನಿಂತಿದ್ದೆ. ಮ್ಯಾಲ ಒಂದು ಕೆಂಜಳಿಲು ಹಾರ್ತಿತ್ತು, ಅದನ್ನ ನೋಡಾಕತ್ತಿದ್ದೆ. ಟೇಪ ಬಿಗಿನಽ ಇತ್ತು. ಕೈಯಾಗಿಂದ ಅವರು ಬಿಟ್ಟಿರಲಿಲ್ಲ. ಎಷ್ಟೊತ್ತಿಗೆ ಹೋದ್ರೋ ನನಗ ತಿಳೀಲಿಲ್ಲ ಬಾಯಾರ. ಒಂದು ತೊಲಿ ದೂರ. ನಾ ಅಳಿಲು ನೋಡಾಕತ್ತಿದ್ದೆ."

ಅವರೂ ಆ ಗಳಿಗೆಯನ್ನು ನನ್ನ ಹಾಗೆ ಹೊತ್ತಿದ್ದರು. ನನಗೆ ಬಂದ ಹಾಗೆ ಅವರಿಗೆ ಲಾರಿಯ ಲೆಕ್ಕ ಹೇಳಲು ಹೋದೆ, ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಅವರ ಹೆಂಡತಿ ಬೆಲ್ಲದ ಚಹಾ ತಂದರು. ಬಿಸಿಲು ಹೇಗಿತ್ತು, ಅಂಗಿ ಯಾವುದಿತ್ತು, ನೀರು ಕೇಳಿದರೇ, ಮುಖ ಹೇಗಿತ್ತು ಎಂದು ಒಂದೊಂದೇ ಕೇಳಿದೆ. ಅವರು ಒಂದೊಂದೇ ಹೇಳಿದರು. ಮುಖ ಹೇಗಿತ್ತು ಎಂಬುದಕ್ಕೆ ಮಾತ್ರ, "ಅಳತಿ ಹೇಳೂಕಿಂತ ಮೊದಲ ಮನಸಿನ್ಯಾಗ ಎಣಸ್ತಾರಲ್ರಿ, ಹಂಗಿತ್ತು" ಅಂದರು.

ವಾಪಸ್ಸು ಬರುವಾಗ ಹಳಿಯಾಳದಲ್ಲಿ ಇಳಿದೆ. ನಾದಿನಿ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಪಕ್ಕದ ಮನೆಯ ಹೊಸ ಸೊಸೆಯೂ ಕೂತಿದ್ದಳು. ಆ ಹುಡುಗಿ ನನ್ನನ್ನು ನೋಡಿ ಯಾರು ಎಂದು ಕಣ್ಣಲ್ಲೇ ಕೇಳಿದಳು. ನಾದಿನಿ ಶುರು ಮಾಡಿದರು. "ನನ್ನ ತಮ್ಮ ಅಲ್ಲಿ ಜೀವಾ ಬಿಡಾಕತ್ತಿದ್ದ, ಅದಽ ಹೊತ್ತಿಗೆ ಇಕಿ..."

"ಹೌದ್ರಿ ಅಕ್ಕಾ, ಅದಽ ಹೊತ್ತಿಗೆ" ಅಂದೆ. "ಅವರು ಆವಾಗ ಏನ್ ಮಾಡಾಕತ್ತಿದ್ರು ಗೊತ್ತೇನ್ರಿ?"

ನಾದಿನಿಯ ಕೈ ನಿಂತಿತು. ನಾನು ತೊಲೆ ಹೇಳಿದೆ, ರೊಟ್ಟಿ ಹೇಳಿದೆ, ತುದಿ ಬಿಡಬೇಡ ಅಂದದ್ದು ಹೇಳಿದೆ. ಆ ಹುಡುಗಿ ಮೆಲ್ಲಗೆ ಎದ್ದು ಹೋದಳು. ನಾದಿನಿ ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಣ್ಣಿಗೆ ಒಯ್ಯದೆ, ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಗಟ್ಟಿ ರೊಟ್ಟಿ ಅಂವಗ ಸಣ್ಣಾವಿದ್ದಾಗಿಂದ ಸೇರತಿದ್ವು" ಅಂದರು. ಆಮೇಲೆ, ನನ್ನ ಕಡೆ ನೋಡದೆ, "ನಾ ಆವಾಗ ಮಲಗಿದ್ನಿ" ಅಂದರು.

"ಏನ್ರಿ?"

"ಇಲ್ಲೇ. ಊಟಾ ಮಾಡಿ ಅಡ್ಡ ಆಗಿದ್ನಿ. ಎಂದೂ ಹಗಲ ನಿದ್ದಿ ಹತ್ತದಾಕಿ ನಾ. ಅವತ್ತ ಅಷ್ಟು ಚಲೋ ನಿದ್ದಿ ಹತ್ತಿತ್ತು. ಎದ್ದಾಗ ಮೈ ಹಗುರಾಗಿತ್ತು." ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಮುರಿದರು. "ಯಾರ ಮುಂದೂ ಹೇಳಿಲ್ಲ. ನೀನೂ ಹೇಳಬ್ಯಾಡ."

ನಾನು ಅವರ ಎದುರಿಗೆ ಚಾಪೆಯ ಮೇಲೆ ಕೂತು ಒಂದು ಬೊಗಸೆ ಮೆಣಸಿನಕಾಯಿ ನನ್ನ ಕಡೆ ಎಳೆದುಕೊಂಡೆ. ಇಬ್ಬರೂ ತೊಟ್ಟು ಬಿಡಿಸಿದೆವು. ನಡುವೆ ಒಮ್ಮೆ ಅವರು, ಅಂಗಿ ಯಾವುದಿತ್ತು ಎಂದು ಕೇಳಿದರು.

"ಬೂದಿ ಬಣ್ಣದ್ದಂತ್ರಿ. ಕಿಸೆದ ಗುಂಡಿ ಇರಲಿಲ್ಲಂತ."

"ಹಚ್ಚಿ ಕೊಡಬಾರದಾಗಿತ್ತೇನು?" ಅಂದರು ನಾದಿನಿ, ಹಳೆಯ ದನಿಯಲ್ಲಿ.